ಅವಳು ತಲೆಯಾಡಿಸಿದ್ದು ಯಾವ ಮಾತಿಗೆ

ಕುರ್ಚಿಗೆ ಅಂಟಿಕೊಂಡವರ ಬಗ್ಗೆ ಸಿನಿಮಾ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಕುರ್ಚಿಗೆ ಅಂಟು ಹಚ್ಚುವವರ ಬಗ್ಗೆಯೂ ಯಾರಾದರೂ ಮಾಡಿಯಾರು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಾಗಾಗಿ ಆ ಹುಡುಗಿ ಹೆಗಲಿಗೊಂದು ಚೀಲ ನೇತುಹಾಕಿಕೊಂಡು ನಮ್ಮ ಅಂಗಡಿಗೆ ಬಂದು, "ನಿಮ್ಮಿಬ್ಬರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡ್ಬೇಕು ಅಂತಿದ್ದೀನಿ" ಎಂದಾಗ, ರಿಪೇರಿಗೆ ಏನೂ ತರದೆ ಬಂದಿದ್ದಾಳಲ್ಲ ಎಂದು ಸಿಡುಕಿದೆ, ಅಷ್ಟೇ.

ನಾನು ಮತ್ತು ನನ್ನಣ್ಣ ಕುರ್ಚಿ ರಿಪೇರಿ ಮಾಡುವವರು. ಅಪ್ಪನಿಂದ ಬಂದ ಕಸುಬು. ಅಣ್ಣ ಮಾತಿನವನು, ಗಿರಾಕಿಗಳ ಎದುರಿಗೆ ಅವನೇ. ನಾನು ಹಿಂದಿನ ಕೋಣೆಯವನು, ಉಜ್ಜುವುದು, ಕೊರೆಯುವುದು, ಕಾಲು ಕೂಡಿಸುವುದು ನನ್ನ ಪಾಲು. ನನ್ನ ಹೆಂಡತಿ ಕಿಟಕಿಯ ಹತ್ತಿರ ಕೂತು ಆಸನಗಳಿಗೆ ಬೆತ್ತ ಹೆಣೆಯುತ್ತಾಳೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವಳೂ ಹೇಳುತ್ತಾಳೆ, ಬೀದಿಯವರೂ ಹೇಳುತ್ತಾರೆ. ಹುಡುಗಿ ಇದನ್ನೆಲ್ಲ ಗಮನಿಸಿಕೊಂಡಳು ಎಂದು ಕಾಣುತ್ತದೆ. ಕ್ಯಾಮರಾದವನನ್ನು, ಸದ್ದು ಹಿಡಿಯುವವನನ್ನು ಕರೆದುಕೊಂಡು ಒಂದು ಬೇಸಿಗೆಯೆಲ್ಲ ನಮ್ಮಲ್ಲಿಗೆ ಬಂದು ಹೋದಳು. ಮಾತಿಗೆ ಅಣ್ಣನನ್ನು ಹಿಡಿದಳು, ನನ್ನ ಕೈಗಳನ್ನು ಮಾತ್ರ ತೆಗೆದುಕೊಂಡಳು. ಅದು ನನಗೂ ಅನುಕೂಲವೇ ಆಗಿತ್ತು.

ಅಪ್ಪನ ಕಾಲದಲ್ಲಿ ನಮ್ಮ ಅಂಗಡಿಗೆ ಬೆಂಕಿ ಬಿದ್ದಿತ್ತು. ಆಗ ಅಂಟು ಕಾಯಿಸಲು ಒಂದು ಸಣ್ಣ ಒಲೆ ಇರುತ್ತಿತ್ತು. ಸಂಜೆ ಕೊನೆಗೆ ಅಂಗಡಿ ಮುಚ್ಚಿದವನು ನಾನು. ಬೆಳಗಾಗುವಷ್ಟರಲ್ಲಿ ಗೋಡೆಗಳು ಮಾತ್ರ ನಿಂತಿದ್ದವು. ಒಲೆ ಆರಿಸಿದ್ದೆನೋ ಇಲ್ಲವೋ ಎಂದು ಅವತ್ತಿನಿಂದ ಇವತ್ತಿನವರೆಗೆ ನೆನಪು ಮಾಡಿಕೊಳ್ಳುತ್ತಲೇ ಇದ್ದೇನೆ, ನೆನಪು ಬರುವುದಿಲ್ಲ. ಕೈ ದಿನಾ ಮಾಡುವ ಕೆಲಸವನ್ನು ತಲೆ ಇಟ್ಟುಕೊಳ್ಳುವುದಿಲ್ಲ. ಅಪ್ಪ ಆಮೇಲೆ ಉಳಿ ಹಿಡಿಯಲೇ ಇಲ್ಲ. ನನ್ನನ್ನು ಯಾರೂ ಬಯ್ಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ನಾನೂ ಕಾಲು ಕೆರೆದು ಜಗಳವಾಡಿ ಮುಗಿಸಿಬಿಡುತ್ತಿದ್ದೆ. ಅಂಗಡಿ ಮತ್ತೆ ಎದ್ದಾಗ ಬೀಗದ ಕೈಯನ್ನು ನಾನಾಗಿಯೇ ಅಣ್ಣನ ಮುಂದೆ ಇಟ್ಟೆ. ಅವನು ಬೇಡ ಎನ್ನಲಿಲ್ಲ. ಎಲ್ಲಾದರೂ ಹೊಗೆಯ ವಾಸನೆ ಬಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಎಲ್ಲರ ಮುಖ ನೋಡುತ್ತಿದ್ದೆ. ನನ್ನ ಹೆಂಡತಿ ಮನೆಗೆ ಬಂದದ್ದು ಇದೆಲ್ಲ ಆದಮೇಲೆ. ಅವಳೊಬ್ಬಳು ನನ್ನನ್ನು ಹಾಗೆ ನೋಡಿಲ್ಲ ಎಂದು ನಾನು ನಂಬಿದ್ದೆ.

ಸಿನಿಮಾವನ್ನು ಮೊದಲು ತೋರಿಸಿದ್ದು ಸಾಕ್ಷ್ಯಚಿತ್ರಗಳ ಒಂದು ಉತ್ಸವದಲ್ಲಿ. ನಾವು ನಾಲ್ವರು, ಅಣ್ಣ, ಅತ್ತಿಗೆ, ನಾನು, ನನ್ನವಳು, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿ ಹೋದೆವು. ಸಿನಿಮಾ ಎಂದರೆ ನೂಕುನುಗ್ಗಲು ಎಂದುಕೊಂಡಿದ್ದ ಅತ್ತಿಗೆಗೆ ಅರ್ಧ ಖಾಲಿ ಸಭಾಂಗಣ ನೋಡಿ ಬೇಸರವಾಯಿತು. ನಮ್ಮದಕ್ಕಿಂತ ಮೊದಲು ಒಂದು ನದಿಯ ಬಗ್ಗೆ ತೋರಿಸಿದರು. ನೀರು ಹರಿಯಿತು, ಹರಿಯಿತು, ಅಣ್ಣ ಗೊರಕೆ ಹೊಡೆದ. ಆಮೇಲೆ ಪರದೆಯ ಮೇಲೆ ನನ್ನ ಕೈಗಳು ಬಂದವು. ಒಂದೊಂದು ಬೆರಳೂ ಮೇಜಿನ ಕಾಲಿನಷ್ಟು ದಪ್ಪ. ಸುಳ್ಳು ಯಾಕೆ ಹೇಳಲಿ, ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಅಣ್ಣನ ಮುಖ ಬಂತು. "ಅವತ್ತು ಕೊನೆಗೆ ಅಂಗಡಿ ಮುಚ್ಚಿದ್ದು ನನ್ನ ತಮ್ಮ," ಎಂದ ಅವನು. "ಒಲೆ ಆರಿಸೋದು ಮರೆತಿದ್ದ. ನಾವು ಯಾರೂ ಅವನಿಗೆ ಒಂದು ಮಾತೂ ಅಂದಿಲ್ಲ." ಆಗ ಪರದೆಯ ಮೇಲೆ ನನ್ನ ಹೆಂಡತಿ ಕಾಣಿಸಿದಳು. ಹೆಣೆಯುತ್ತಿದ್ದವಳು ತಲೆಯೆತ್ತಿ ಎದುರಿಗೆ ನೋಡಿ, ಹೌದು ಎಂದು ನಿಧಾನವಾಗಿ ತಲೆಯಾಡಿಸಿದಳು. ಮತ್ತೆ ಅಣ್ಣನ ಮುಖ. "ಎಲ್ಲರೂ ಸೇರಿ ಮತ್ತೆ ಕಟ್ಟಿದ್ವಿ." ಸಭೆಯಲ್ಲಿ ಯಾರೋ ಲೊಚಗುಟ್ಟಿದರು.

ಪಕ್ಕಕ್ಕೆ ತಿರುಗಿ ನೋಡಿದೆ. ನನ್ನವಳು ಪರದೆಯನ್ನೇ ನೋಡುತ್ತ, "ಅಯ್ಯೋ, ನನ್ನ ಕೂದಲು ಇಷ್ಟು ಬೆಳ್ಳಗಾಗಿದ್ಯಾ," ಎಂದಳು. ಮುಗಿದ ಮೇಲೆ ನಮ್ಮನ್ನು ವೇದಿಕೆಗೆ ಕರೆದರು. ಕನ್ನಡಕದ ಒಬ್ಬ ಮಹನೀಯರು ಎದ್ದು ನನ್ನನ್ನೇ ಕೇಳಿದರು: "ಮನೆಯವರೆಲ್ಲ ನಿಮ್ಮನ್ನ ಕ್ಷಮಿಸಿದ್ರಲ್ಲ, ಆಗ ನಿಮಗೆ ಏನನ್ನಿಸ್ತು?" ನಾನು ಮೈಕನ್ನು ಅಣ್ಣನ ಕೈಗೆ ಕೊಟ್ಟೆ.

ಮನೆಗೆ ಬಂದ ಮೇಲೆ ನಾನು ಹೆಂಡತಿಯ ಜೊತೆ ಮಾತು ಬಿಟ್ಟೆ. ಊಟಕ್ಕೆ ಕರೆದರೆ ಹೋಗುತ್ತಿದ್ದೆ, ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಿದ್ದೆ, ಅಷ್ಟೇ. ಅವಳು ಮೊದಲು ಅಡುಗೆಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು, ಆಮೇಲೆ ನನ್ನ ಮಂಡಿನೋವು ಎಂದುಕೊಂಡಳು. ಹುಡುಗಿ ಎಲ್ಲರಿಗೂ ಒಂದೊಂದು ಡಿವಿಡಿ ಕೊಟ್ಟಿದ್ದಳು. ಬೀದಿಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದರು. ಔಷಧಿ ಅಂಗಡಿಯವರು ನನ್ನ ಬೆನ್ನು ತಟ್ಟಿ, "ಹಳೇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ," ಎಂದು ಸಮಾಧಾನ ಹೇಳಿದರು. ಹೆಂಡತಿ ಹೊರಗೆ ಹೋದಾಗಲೆಲ್ಲ ನಾನು ಬಾಗಿಲು ಹಾಕಿಕೊಂಡು ಆ ಜಾಗವನ್ನು ಹಾಕಿ ನೋಡುತ್ತಿದ್ದೆ. ಅಣ್ಣ ಹೇಳುತ್ತಾನೆ, ಇವಳು ತಲೆಯಾಡಿಸುತ್ತಾಳೆ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರೆ, ಮತ್ತೆ ತಲೆಯಾಡಿಸುತ್ತಾಳೆ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಎದ್ದವಳು ಒಳಗೊಳಗೇ ಇದನ್ನು ಒಪ್ಪಿಕೊಂಡು ಕೂತಿದ್ದಾಳೆ ಎಂದು ನನಗೆ ಸಂಕಟವಾಗುತ್ತಿತ್ತು. ಕೇಳಿಬಿಡಬಹುದಿತ್ತು. ಹೌದು ಎಂದುಬಿಟ್ಟರೆ ಏನು ಮಾಡುವುದು ಎಂದು ಹೆದರಿಕೆ.

ಮುಂದಿನ ಭಾನುವಾರ ಅದು ಟಿವಿಯಲ್ಲಿ ಬರುತ್ತದೆ ಎಂದು ಹುಡುಗಿ ಫೋನು ಮಾಡಿ ಹೇಳಿದಳು. ಉತ್ಸವದ ಅರ್ಧ ಖಾಲಿ ಸಭಾಂಗಣ ಬೇರೆ, ಟಿವಿ ಬೇರೆ. ಇಡೀ ಊರು ನೋಡುತ್ತದೆ. ನಾನು ವಿಳಾಸ ಕೇಳಿಕೊಂಡು, ಸಿನಿಮಾ ಜೋಡಿಸುವ ಕೋಣೆಗೆ ಹೋದೆ.

ಅದು ಒಂದು ಕನ್ನಡಕದಂಗಡಿಯ ಮೇಲಿನ ಮಹಡಿ. ಕಿಟಕಿಗೆಲ್ಲ ದಪ್ಪ ಪರದೆ, ಹಗಲಿನಲ್ಲೂ ಕತ್ತಲೆ. ಹುಡುಗಿ ಇರಲಿಲ್ಲ. ಸಂಕಲನ ಮಾಡುವವರು ಎರಡು ಪರದೆಗಳ ಮುಂದೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನನ್ನಷ್ಟೇ ವಯಸ್ಸು, ನನಗಿಂತ ಕೆಟ್ಟ ಮುಖ. ಕತ್ತರಿಸುವುದೇ ಕಸುಬಾದ್ದರಿಂದ ನಾನು ಮನಸ್ಸಿನಲ್ಲೇ ಅವರಿಗೆ ಕತ್ತರಿಯಪ್ಪ ಎಂದು ಹೆಸರಿಟ್ಟೆ.

"ನನ್ನ ಹೆಂಡತಿ ತಲೆಯಾಡಿಸೋದನ್ನ ತೆಗೀರಿ," ಎಂದೆ.

"ಯಾವುದು?" ಎಂದು ಕೇಳಿ, ಹುಡುಕಿ ನೋಡಿ, ಅವರು ನಕ್ಕುಬಿಟ್ಟರು. "ಓ, ಇದಾ. ಅವರು ಅವತ್ತು ಅಲ್ಲಿ ಇರಲೇ ಇಲ್ವಲ್ಲ ಸ್ವಾಮಿ. ನಿಮ್ಮಣ್ಣ ಮಾತಾಡಿದ್ದು ಅಂಗಡಿ ರಜಾ ದಿನ, ಒಬ್ರೇ ಇದ್ರು. ಇದು ಬೇರೆ ದಿನದ್ದು."

ನನಗೆ ಅರ್ಥವಾಗಲಿಲ್ಲ. ಅವರು ಬಿಸ್ಕತ್ತಿನ ಪುಡಿ ಒರೆಸಿಕೊಂಡು ಬಿಡಿಸಿ ಹೇಳಿದರು. "ನೋಡಿ, ಒಬ್ಬರ ಮಾತಿನ ಮಧ್ಯೆ ಒಂದಿಷ್ಟು ತೆಗೀತೀವಿ ಅಂದ್ಕೊಳ್ಳಿ. ಆಗ ಅವರ ಕೈ ಇಲ್ಲಿದ್ದಿದ್ದು ಟಕ್ ಅಂತ ಅಲ್ಲಿಗೆ ಹಾರುತ್ತೆ. ನೋಡೋರ ಕಣ್ಣಿಗೆ ಹೊಡೆಯುತ್ತೆ. ಅದು ಕಾಣಬಾರದು ಅಂತ ಮಧ್ಯೆ ಇನ್ಯಾರದೋ ಮುಖ ಇಡ್ತೀವಿ. ಕೇಳಿಸ್ಕೊಳ್ತಿರೋ ಮುಖ, ತಲೆಯಾಡಿಸೋ ಮುಖ. ಎಲ್ಲರೂ ಮಾಡೋದೇ ಇದು."

ನಾವೂ ಮಾಡುತ್ತೇವೆ. ಮರದಲ್ಲಿ ಸೀಳು ಬಿಟ್ಟರೆ ಮೇಲೊಂದು ತೆಳು ಪಟ್ಟಿ ಅಂಟಿಸಿ ಬಣ್ಣ ಹೊಡೆಯುತ್ತೇವೆ, ಅದನ್ನು ಮೋಸ ಎಂದು ಯಾರೂ ಅನ್ನುವುದಿಲ್ಲ. ಆದರೆ ಮರದ ಪಟ್ಟಿಗೆ ಗಂಡ ಇರುವುದಿಲ್ಲ. ಹಾಗೆಂದು ಅವರಿಗೂ ಹೇಳಿದೆ. ಕತ್ತರಿಯಪ್ಪನ ನಗು ನಿಂತಿತು. ಅವರು ಸುಮ್ಮನೆ ಏನನ್ನೋ ಒತ್ತಿ, ನನ್ನ ಹೆಂಡತಿಯ ಆ ತುಣುಕನ್ನು ಅದರ ಸ್ವಂತ ಸದ್ದಿನೊಂದಿಗೆ ಹಾಕಿ ತೋರಿಸಿದರು. ಅವಳು ಹೆಣೆಯುತ್ತಿದ್ದಾಳೆ. ಸದ್ದು ಹಿಡಿಯುವವನ ದನಿ ಕೇಳುತ್ತದೆ: "ಅಮ್ಮಾ, ಸದ್ದು ಬರ್ತಿದೆ, ಫ್ಯಾನ್ ಆಫ್ ಮಾಡ್ಲಾ?" ಅವಳು ತಲೆಯೆತ್ತಿ ನೋಡಿ, ಹೌದು ಎಂದು ನಿಧಾನವಾಗಿ ತಲೆಯಾಡಿಸುತ್ತಾಳೆ.

ಒಂದು ಫ್ಯಾನಿಗಾಗಿ ನಾನು ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡಿದ್ದೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಣ್ಣು ಒರೆಸಿಕೊಂಡೆ. ಕತ್ತರಿಯಪ್ಪ ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದರು.

"ತೆಗೆದ್ರೆ ಎಷ್ಟು ಹಾರುತ್ತೆ ಅಂತ ನೀವೇ ನೋಡಿ," ಎಂದು ಅವರು ಅಣ್ಣನ ಮೂಲ ಚಿತ್ರವನ್ನು, ಕತ್ತರಿಸದೆ ಇದ್ದದ್ದನ್ನು, ಎದುರಿಗೆ ತಂದರು. ಓಡಲು ಬಿಟ್ಟರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಹುಡುಗಿಯದೇ ಇರಬೇಕು, "ಹ್ಞಾಂ, ಇಲ್ಲೇ ಬಂದಿದ್ದಾರೆ," ಎನ್ನುತ್ತ ಬಾಗಿಲಾಚೆ ಹೋದರು. ಪರದೆಯ ಮೇಲೆ ಅಣ್ಣ ಮಾತಾಡುತ್ತಲೇ ಇದ್ದ.

"ನಾವು ಯಾರೂ ಅವನಿಗೆ ಒಂದು ಮಾತೂ ಅಂದಿಲ್ಲ." ಸಿನಿಮಾದಲ್ಲಿ ನನ್ನ ಹೆಂಡತಿ ಬರುವ ಜಾಗ ಅದು. ಇಲ್ಲಿ ಅವಳು ಬರಲಿಲ್ಲ. ಅಣ್ಣ ತೊಡೆಯ ಮೇಲಿನ ಕೈಯನ್ನು ನೋಡುತ್ತ ಕೂತ. ಆಮೇಲೆ ಹೇಳಿದ: "ಅನ್ನೋಕೆ ನಂಗೆಲ್ಲಿ ಬಾಯಿ. ಅವನು ಮುಚ್ಚಿಕೊಂಡು ಹೋದ ಮೇಲೆ ನಾನೊಂದ್ಸಲ ಬೀಗ ತೆಗೆದು ಒಳಗೆ ಹೋಗಿದ್ದೆ. ಒಂದು ಕಾಲು ಕೂಡಿಸೋದು ಬಾಕಿ ಇತ್ತು, ಅಂಟು ಕಾಯಿಸ್ದೆ. ಅದು ಅವತ್ತೋ, ಅದರ ಹಿಂದಿನ ದಿನಾನೋ. ಹಿಂದಿನ ದಿನಾನೇ ಅಂತ ನಂಗೆ ನಾನೇ ಹೇಳ್ಕೊಂಡು ಬಂದಿದ್ದೀನಿ. ಒಂದೊಂದ್ಸಲ ಅವತ್ತೇ ಅನ್ಸುತ್ತೆ. ಅವನು ಬೀಗದ ಕೈ ತಂದು ನನ್ನ ಮುಂದೆ ಇಟ್ಟಾಗ ಹೇಳ್ಬೇಕಿತ್ತು. ಹೇಳ್ಲಿಲ್ಲ." ಕ್ಯಾಮರಾದ ಪಕ್ಕದಲ್ಲಿದ್ದ ಹುಡುಗಿಯ ಕಡೆ ನೋಡಿ, "ಬೇಡಮ್ಮ, ಇದನ್ನ ಹಾಕ್ಬೇಡ. ಅವನು ನೋಡ್ತಾನೆ," ಎಂದು ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಕೈ ಇಳಿಸಿದ ಮೇಲೆ, "ಎಲ್ಲರೂ ಸೇರಿ ಮತ್ತೆ ಕಟ್ಟಿದ್ವಿ," ಎಂದ.

ನನ್ನ ಮೈಯೆಲ್ಲ ಉರಿಯಿತು. ಆಗ ಅಣ್ಣ ಎದುರಿಗಿದ್ದಿದ್ದರೆ ಹಿರಿಯ ಎಂದೂ ನೋಡುತ್ತಿರಲಿಲ್ಲ. ಅಪ್ಪನನ್ನು ಮುಖ ಎತ್ತಿ ನೋಡದೆ ಅವರು ಸಾಯುವವರೆಗೂ ಹಿಂದಿನ ಕೋಣೆಯಲ್ಲಿ ಕೂತವನು ನಾನು. ಇವನು ಮುಂದೆ ಕೂತು ಗಿರಾಕಿಗಳ ಜೊತೆ ಹರಟೆ ಹೊಡೆದ. ನನಗೆ ಸಿಗಬೇಕಾಗಿದ್ದ ಸಂಶಯದ ಲಾಭವನ್ನು ಇವನು ಜೇಬಿನಲ್ಲಿ ಇಟ್ಟುಕೊಂಡು ಇಷ್ಟು ದಿನ ಓಡಾಡಿದ.

ಕತ್ತರಿಯಪ್ಪ ಒಳಗೆ ಬಂದು, ಪರದೆ ನೋಡಿ, ನನ್ನ ಮುಖ ನೋಡಿ, ಅಲ್ಲೇ ನಿಂತರು. "ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ."

"ತಪ್ಪಾಯ್ತು ನಂದು. ಅದನ್ನ ಬಳಸಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀವಿ."

ಹಾಕಿ ಅದನ್ನು, ಊರೆಲ್ಲ ನೋಡಲಿ ಎಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ನಾನು ಅಲ್ಲಿಗೆ ಹೋದದ್ದು ಯಾತಕ್ಕೆ? ನನ್ನ ಹೆಂಡತಿಯ ತಲೆಯನ್ನು ಅವಳನ್ನು ಕೇಳದೆ ಎತ್ತಿ ಇನ್ನೊಂದು ಕಡೆ ಇಟ್ಟರು ಎಂದು ಜಗಳಕ್ಕೆ ಹೋದವನು ಅಣ್ಣನ ನಾಲಿಗೆಯನ್ನು ಅವನನ್ನು ಕೇಳದೆ ಎತ್ತಿಕೊಳ್ಳುವುದು ಹೇಗೆ? ನನ್ನ ಸಿಟ್ಟು ದೊಡ್ಡದೇ, ಆದರೂ ಅಷ್ಟು ನ್ಯಾಯ ನನಗೆ ಗೊತ್ತು.

"ಅವಳನ್ನ ತೆಗೀರಿ," ಎಂದೆ. "ಆ ಜಾಗದಲ್ಲಿ ಬೇರೆ ಏನೂ ಇಡಬೇಡಿ."

"ಕೈ ಹಾರುತ್ತೆ ಸ್ವಾಮಿ. ಕೆಲಸ ಬರದೋನು ಮಾಡಿದ ಹಾಗೆ ಕಾಣುತ್ತೆ."

"ಹಾರಲಿ."

ಅವರು ಮತ್ತೆ ಹುಡುಗಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. "ನಾನು ಯೋಚನೆನೇ ಮಾಡಿರಲಿಲ್ಲ," ಎಂದಳು ಅವಳು. "ಮುಖ ಚೆನ್ನಾಗಿತ್ತು, ಇಟ್ಟುಬಿಟ್ಟೆ. ಆಂಟಿ ಹತ್ರ ನಾನೇ ಬಂದು ಹೇಳ್ತೀನಿ." ನಾಲ್ಕು ಮಾತು ಗಟ್ಟಿಯಾಗಿ ಹೇಳಬೇಕೆಂದಿದ್ದೆ. ಅವಳ ಪೆಚ್ಚಾದ ದನಿ ಕೇಳಿ ಆಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ, ಅಣ್ಣನ ಮಾತೊಂದನ್ನು ಬಿಟ್ಟು. ಅವಳು ಬಟ್ಟೆ ಮಡಿಸುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕೈ ನಿಂತಿತು.

"ಅಂದ್ರೆ ಇಷ್ಟು ದಿನ ನೀವು ಮುಖ ತಿರುಗಿಸ್ಕೊಂಡು ಓಡಾಡಿದ್ದು ಇದಕ್ಕಾ? ಕೇಳೋಕೆ ಬಾಯಿರಲಿಲ್ವಾ?"

"ಹೌದು ಅಂದುಬಿಟ್ರೆ ಅಂತ ಹೆದರಿಕೆ ಆಯ್ತು."

ಅವಳು ಒಂದು ಅಂಗಿಯನ್ನು ಎತ್ತಿಕೊಂಡು ತೋಳು ಮಡಿಸಿ ಪಕ್ಕಕ್ಕಿಟ್ಟಳು. "ನಿಜ ಹೇಳ್ಲಾ? ಈಗ ಕೇಳಿದ್ರೂ ಹೌದು ಅಂತೀನಿ. ನೀವು ಆರಿಸದೆ ಹೋಗಿರಬಹುದು ಅಂತ್ಲೇ ನಾನೂ ಅಂದ್ಕೊಂಡಿದ್ದೀನಿ. ಈ ಮನೆಗೆ ಕಾಲಿಟ್ಟಾಗ್ಲೇ ನಿಮ್ಮ ಅಮ್ಮ ಹೇಳಿದ್ರು. ಅದಕ್ಕೇನೀಗ? ಒಲೆ ಆರಿಸೋದು ಮರೆತವರ ಜೊತೆ ಬಾಳ್ಬಾರ್ದು ಅಂತಿದ್ರೆ ಊರಲ್ಲಿ ಒಂದು ಸಂಸಾರಾನೂ ಉಳೀತಿರಲಿಲ್ಲ."

ನಾನು ಹೆದರಿದ್ದ ಮಾತು ಕೊನೆಗೂ ಬಂತು. ವಿಚಿತ್ರವೆಂದರೆ ಅದು ಬಂದು ಎದುರಿಗೆ ಕೂತ ಮೇಲೆ ಭಯವೇನೂ ಆಗಲಿಲ್ಲ. ಅವಳು ಅಷ್ಟನ್ನು ತಿಳಿದುಕೊಂಡೇ ನನ್ನ ಪಕ್ಕದಲ್ಲಿ ಇದ್ದಳು. ನಾನು ಕ್ಷಮಿಸಬೇಕಾದ ತಪ್ಪು ಎಂದುಕೊಂಡದ್ದು ಅವಳಿಗೆ ಲೆಕ್ಕಕ್ಕೇ ಬಾರದ ಸಂಗತಿಯಾಗಿತ್ತು. ಒಂದು ಕ್ಷಣ ಅಣ್ಣನ ಮಾತನ್ನೂ ಹೇಳಿಬಿಡೋಣ ಎನ್ನಿಸಿತು. ಹೇಳಲಿಲ್ಲ. ಅದು ಅವನು ಹೇಳಬೇಕಾದ ಮಾತು.

ಆ ವಾರ ಅಂಗಡಿಯಲ್ಲಿ ಅಣ್ಣನ ಜೊತೆ ಹೇಗೆ ಕೆಲಸ ಮಾಡಿದೆನೋ ನನಗೇ ಗೊತ್ತು. ಕೊಡಲಿಯಿಂದ ಕಡಿಯುವ ಹಾಗೆ ಸುತ್ತಿಗೆ ಹೊಡೆದೆ. "ಮೆಲ್ಲಗೆ ಹೊಡಿಯೋ ಮಾರಾಯ, ಅದು ಕುರ್ಚಿ, ನಿನ್ನ ವೈರಿಯಲ್ಲ," ಎಂದ ಅವನು ಮುಂದಿನಿಂದ. ನಾನು ಇನ್ನೂ ಜೋರಾಗಿ ಒಂದೇಟು ಹಾಕಿದೆ. ಆದರೆ ಕೋಪ ಮೊದಲಿನಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲ. ನನ್ನವಳು ಹೇಳಿದ ಮಾತು ಅವನಿಗೂ ಸಲ್ಲುತ್ತದಲ್ಲ ಎಂದು ಅನ್ನಿಸುತ್ತಿತ್ತು. ಮರೆತದ್ದಕ್ಕೆ ಸಿಟ್ಟಿರಲಿಲ್ಲ. ಮುಚ್ಚಿಟ್ಟದ್ದಕ್ಕೆ ಇತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಅಣ್ಣನ ಮನೆಯಲ್ಲಿ ಸೇರಿದೆವು. ಔಷಧಿ ಅಂಗಡಿಯವರು ಹೆಂಡತಿಯೊಂದಿಗೆ ಬಂದರು. ಅತ್ತಿಗೆ ಕಿಟಕಿಯ ಪರದೆ ಎಳೆದು ಥಿಯೇಟರಿನಂತೆ ಮಾಡಿದ್ದರು. ನನ್ನ ಕೈಗಳು ಬಂದವು, ಈ ಸಲ ಸಣ್ಣದಾಗಿ. ಆಮೇಲೆ ಅಣ್ಣನ ಮುಖ. "ನಾವು ಯಾರೂ ಅವನಿಗೆ ಒಂದು ಮಾತೂ ಅಂದಿಲ್ಲ," ಎಂದ ಪರದೆಯ ಮೇಲಿನ ಅಣ್ಣ. ತಟ್ಟನೆ ಚಿತ್ರ ಕುಪ್ಪಳಿಸಿತು. ತೊಡೆಯ ಮೇಲಿದ್ದ ಕೈ ಗಲ್ಲದ ಹತ್ತಿರ ಬಂದಿತ್ತು, ಒಣಗಿದ್ದ ಕಣ್ಣು ಒದ್ದೆಯಾಗಿತ್ತು. "ಎಲ್ಲರೂ ಸೇರಿ ಮತ್ತೆ ಕಟ್ಟಿದ್ವಿ."

"ಕೇಬಲ್ ಸರಿ ಇಲ್ಲ ಅನ್ಸುತ್ತೆ," ಎಂದರು ಔಷಧಿ ಅಂಗಡಿಯವರು.

"ನನ್ನನ್ನ ತೆಗೆದಿದ್ದಾರೆ, ಒಳ್ಳೇದಾಯ್ತು," ಎಂದಳು ನನ್ನವಳು.

ಅಣ್ಣ ಟಿವಿಯ ಬೆಳಕಿನಲ್ಲಿ ನನ್ನ ಕಡೆ ತಿರುಗಿ ನೋಡಿದ. ನಾನೂ ನೋಡಿದೆ. ನಾನು ಎಲ್ಲ ಕೇಳಿಸಿಕೊಂಡಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಮಿಕ್ಕ ಚಿತ್ರವೆಲ್ಲ ಮುಗಿಯುವವರೆಗೂ ಅವನು ಪರದೆಯ ಕಡೆ ತಿರುಗಲಿಲ್ಲ, ನೆಲ ನೋಡುತ್ತ ಕೂತಿದ್ದ. ಅವನು ಏನು ಮಾಡಿಯಾನು ಎಂದು ನನಗೂ ಗೊತ್ತಿರಲಿಲ್ಲ. ಏನೂ ಮಾಡದಿದ್ದರೆ ನಾಳೆಯಿಂದ ಆ ಅಂಗಡಿಗೆ ಹೋಗುವುದಿಲ್ಲ ಎಂದು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮುಗಿದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣ ಎದ್ದು ಹೋಗಿ ಟಿವಿ ಆರಿಸಿದ. ಮಂಡಿ ಹಿಡಿದುಕೊಂಡು ನಮ್ಮ ಕಡೆ ತಿರುಗಿದ.

"ಕೇಬಲ್ ಹೋಗಿದ್ದಲ್ಲ," ಎಂದ. "ಅಲ್ಲಿ ನಾನೊಂದು ಮಾತು ಹೇಳಿದ್ದೆ. ನಾನೇ ತೆಗೆಸಿದ್ದು." ಆಮೇಲೆ ನನ್ನ ಹೆಂಡತಿಯ ಕಡೆ ನೋಡಿದ. "ಕೇಳಮ್ಮ, ಅಂಗಡಿ ಸುಟ್ಟಿದ್ದು ನಿನ್ನ ಗಂಡ ಅಲ್ಲ. ನಾನು."

ಅತ್ತಿಗೆ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಪ್ಪ ಬದುಕಿದ್ದಾಗ ಈ ಮಾತು ಕಿವಿಗೆ ಬಿದ್ದಿದ್ದರೆ ನಾನು ಕುಣಿದಾಡುತ್ತಿದ್ದೆ. ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು, ಭಾರವೆಲ್ಲ ನನ್ನ ಹೆಗಲಿನಿಂದ ಇಳಿದು ಅವನ ಹೆಗಲೇರುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುವ ವಿದ್ಯೆ. ಆದರೆ ಅವನು ಹೇಳಿದ್ದು ನಿಜವಾಗಿರಲಿಲ್ಲ. ಹಳೆಯ ಸುಳ್ಳಿನ ಮೇಲೆ ಹೊಸದೊಂದನ್ನು ಅಂಟಿಸುತ್ತಿದ್ದ, ನನಗೋಸ್ಕರ.

"ಹಾಗಲ್ಲ ಅಣ್ಣ," ಎಂದೆ. "ನೀನು ಅಲ್ಲಿ ಹಾಗೆ ಹೇಳಿಲ್ಲ. ಅವತ್ತೋ ಹಿಂದಿನ ದಿನಾನೋ ಗೊತ್ತಿಲ್ಲ ಅಂದಿದ್ದೀಯ. ನಾನು ಆರಿಸಿದ್ನೋ ಇಲ್ವೋ, ನಂಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ಹೇಳು."

ಅವನು ನನ್ನನ್ನು ಬಹಳ ಹೊತ್ತು ನೋಡಿದ.

"ಗೊತ್ತಿಲ್ಲ," ಎಂದ, ಎಲ್ಲರ ಎದುರಿಗೆ. "ನಮ್ಮಿಬ್ಬರಲ್ಲಿ ಯಾರು ಅಂತ ಗೊತ್ತಿಲ್ಲ."

ಅಷ್ಟು ಹೇಳಿ ಕುಸಿದು ಕೂತು ಅತ್ತುಬಿಟ್ಟ. ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ. ಬೆಂಕಿ ಬಿದ್ದ ಆ ಬೆಳಗ್ಗೆ ನಾವಿಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಅತ್ತಿದ್ದೆವು.